ಗುಜರಿಗೆ ಹಾಕೋ ಪ್ರಿಂಟರ್ ನಮಗೆ ಕೊಡಿ

ನಮ್ಮ ಡಿಪಾರ್ಟ್‌ಮೆಂಟಿನ ಸ್ಟೋರ್ ರೂಮಿನಲ್ಲಿ ಹಳೇ ಇಂಕ್‌ಜೆಟ್ ಪ್ರಿಂಟರ್‌ಗಳು ಒಂದರ ಮೇಲೊಂದು ಕೂತಿವೆ. ಎಲ್ಲದರ ಮೇಲೂ 'ಕೆಟ್ಟಿದೆ' ಅಂತ ಚೀಟಿ. ಪರ್ಮಿಶನ್ ತಗೊಂಡು ಎರಡನ್ನು ಬಿಚ್ಚಿ ನೋಡಿದೆವು. ಒಂದರಲ್ಲಿ ನಾಜಲ್ ಒಣಗಿತ್ತು. ಇನ್ನೊಂದರಲ್ಲಿ ನಿಜಕ್ಕೂ ಏನೂ ಕೆಟ್ಟಿರಲಿಲ್ಲ. ವೇಸ್ಟ್ ಇಂಕ್ ಹೀರೋ ಪ್ಯಾಡ್ ತುಂಬಿತು ಅಂತ ಒಳಗಿನ ಕೌಂಟರ್ ಲೆಕ್ಕ ಹಾಕಿ ಮಷಿನನ್ನೇ ನಿಲ್ಲಿಸಿತ್ತು. ಪ್ಯಾಡ್ ಬದಲಾಯಿಸಿ ಕೌಂಟರ್ ರೀಸೆಟ್ ಮಾಡಿದ ಮೇಲೆ ಓಡಿತು. ಇಂಥವನ್ನು ಇ-ವೇಸ್ಟ್‌ಗೆ ಕಳಿಸೋ ಮೊದಲು ನಮಗೆ ಕೊಡಬೇಕು ಅನ್ನೋದು ನಮ್ಮ ವಾದ.

"ತಗೊಂಡು ಏನ್ ಮಾಡ್ತೀರಪ್ಪಾ, ಅಸೈನ್‌ಮೆಂಟ್ ಹೊಡೀತೀರಾ?" ಅಂತ ಲ್ಯಾಬ್ ಸರ್ ಕೇಳಿದರು. ಇಲ್ಲ ಸರ್, ಪಿಸಿಬಿ ಹೊಡೀತೀವಿ.

ಮಳೇಲಿ ನೆನೆದ ಹಾಲ್ ಟಿಕೆಟ್ ನೀಲಿ ನೀಲಿಯಾಗಿ ಹರಡಿದ್ದು ನೋಡಿರ್ತೀರಿ. ಅದು ಡೈ ಇಂಕ್, ನೀರಿನಲ್ಲಿ ಕರಗಿರುವ ಬಣ್ಣ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಒಣಗಿದ ಮೇಲೆ ನೀರಿಗೆ ಸುಲಭಕ್ಕೆ ಜಗ್ಗಲ್ಲ. ಉಜ್ಜಿ ತೊಳೆದ ತಾಮ್ರದ ಬೋರ್ಡಿನ ಮೇಲೆ ಟ್ರ್ಯಾಕ್‌ಗಳನ್ನು ಈ ಇಂಕಿನಲ್ಲೇ ಪ್ರಿಂಟ್ ಮಾಡಿ, 200 ಡಿಗ್ರಿ ಆಸುಪಾಸಿನಲ್ಲಿ ಕಾಸಿದರೆ ಫೆರಿಕ್ ಕ್ಲೋರೈಡನ್ನು ತಡೆದುಕೊಳ್ಳುತ್ತದೆ. ಎಲ್ಲ ಪಿಗ್ಮೆಂಟೂ ಒಂದೇ ಥರ ತಡೆಯಲ್ಲ. ಹವ್ಯಾಸಿಗಳಲ್ಲಿ ಹಳದಿಗೆ ಹೆಸರು ಜಾಸ್ತಿ. ಟೋನರ್ ಟ್ರಾನ್ಸ್‌ಫರ್ ಅಂತ ಇಸ್ತ್ರಿಪೆಟ್ಟಿಗೆ ಒತ್ತಿ ಒತ್ತಿ ಸೋತವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಆದರೆ ಸಿಕ್ಕ ಪ್ರಿಂಟರಿಗೆಲ್ಲ ಸಿಕ್ಕ ಇಂಕ್ ಸುರಿಯೋ ಹಾಗಿಲ್ಲ. ಥರ್ಮಲ್ ಹೆಡ್ ಇಂಕನ್ನು ಕ್ಷಣದಲ್ಲಿ ಕುದಿಸಿ, ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುತ್ತದೆ. ಅದಕ್ಕೆಂದೇ ಮಾಡದ ಇಂಕ್ ಹಾಕಿದರೆ ಹೀಟರ್ ಮೇಲೆ ಕರಿ ಹಿಡಿಯುತ್ತದೆ. ಎಪ್ಸನ್‌ನಲ್ಲಿರುವಂಥ ಪಿಯೆಝೋ ಹೆಡ್ ವೋಲ್ಟೇಜಿಗೆ ಬಾಗಿ ಇಂಕನ್ನು ತಳ್ಳುತ್ತದೆ ಅಷ್ಟೇ, ಕುದಿಸೋದಿಲ್ಲ. ಹಾಗಾಗಿ ಪ್ರಯೋಗಕ್ಕೆ ಅದೇ ವಾಸಿ. ಐಡಿ ಕಾರ್ಡ್ ಹೊಡೆಯೋ ಅಂಗಡಿಗಳಲ್ಲಿ ಎಪ್ಸನ್ ಎಲ್805ರ ಟ್ರೇ ಒಳಗೆ ಪ್ಲಾಸ್ಟಿಕ್ ಕಾರ್ಡ್ ನೇರವಾಗಿ ಹೋಗೋದನ್ನು ನೋಡಿ. ಬೋರ್ಡಿಗೂ ಹಾಗೆ ಬಾಗದ ದಾರಿಯೇ ಬೇಕು, ಜೊತೆಗೆ 1.6 ಮಿಲಿಮೀಟರ್ ದಪ್ಪಕ್ಕೆ ಹೆಡ್ಡನ್ನು ಸ್ವಲ್ಪ ಮೇಲೆತ್ತಬೇಕು. ಮೆಕ್ಯಾನಿಕಲ್‌ನವರಿಗೂ ಕೆಲಸ ಸಿಕ್ಕಿತಲ್ಲ!

ನಾವು ಒಂದು ಹೆಡ್ ಹಾಳು ಮಾಡಿದ್ದೂ ನಿಜ. ಹಳೇ ಡೈ ಇಂಕನ್ನು ತೊಳೆಯದೆ ಅದರ ಮೇಲೇ ಪಿಗ್ಮೆಂಟ್ ತುಂಬಿ, ಹತ್ತು ದಿನ ರಜೆಗೆ ಊರಿಗೆ ಹೋದೆವು. ಬಂದು ನೋಡಿದರೆ ಟ್ಯೂಬಿನಲ್ಲಿ ಮೊಸರಿನ ಹಾಗೆ ಹೆಪ್ಪು. ಈಗ ಮೊದಲು ಫ್ಲಶ್ ಮಾಡ್ತೀವಿ, ಬಾಟಲಿ ಕುಲುಕ್ತೀವಿ, ವಾರಕ್ಕೊಂದು ಟೆಸ್ಟ್ ಪೇಜ್ ತೆಗೀತೀವಿ. ಹೊಸ ಪ್ರಿಂಟರ್ ಆಗಿದ್ದಿದ್ದರೆ ಯಾರ ಅಪ್ಪನ ದುಡ್ಡಲ್ಲಿ ಈ ಪಾಠ ಕಲೀತಿದ್ವಿ?

ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಇದಕ್ಕಿಂತ ಚೆಂದದ ಬೋರ್ಡ್ ಬರುತ್ತೆ, ಒಪ್ಪುತ್ತೇವೆ. ಫೈನಲ್ ಬೋರ್ಡ್ ಹಾಗೇ ತರಿಸೋಣ. ಆದರೆ ಮಿನಿ ಪ್ರಾಜೆಕ್ಟಿನಲ್ಲಿ ಒಂದು ಟ್ರ್ಯಾಕ್ ತಪ್ಪಾಗಿ, ಪಾರ್ಸಲ್‌ಗೆ ಕಾದು ಕಾದು, ಡೆಮೊ ದಿನ ಬ್ರೆಡ್‌ಬೋರ್ಡಿನ ವೈರ್ ಹಿಡಿದು ನಿಂತವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಸಂಜೆ ತಪ್ಪು ಕಂಡು, ರಾತ್ರಿಯೊಳಗೆ ಇನ್ನೊಂದು ಬೋರ್ಡ್ ಕೈಗೆ ಬಂದರೆ ಡಿಸೈನ್ ಮಾಡೋಕೆ ಧೈರ್ಯವೂ ಬರುತ್ತೆ.

ಸರ್ ಭಯ ಫೆರಿಕ್ ಕ್ಲೋರೈಡ್ ಬಗ್ಗೆ. ಅದು ಸರಿಯಾದ ಭಯವೇ. ಬಳಸಿದ ದ್ರಾವಣದಲ್ಲಿ ತಾಮ್ರ ಇರುತ್ತೆ, ಸಿಂಕಿಗೆ ಚೆಲ್ಲೋ ಹಾಗಿಲ್ಲ. ಕೆಮಿಸ್ಟ್ರಿ ಲ್ಯಾಬಿನ ವೇಸ್ಟ್ ಕ್ಯಾನಿಗೇ ಹಾಕ್ತೀವಿ, ಗ್ಲೌಸ್ ಹಾಕ್ಕೊಂಡೇ ಮಾಡ್ತೀವಿ, ರಿಜಿಸ್ಟರ್ ಬರೀತೀವಿ. ನಮಗೆ ಬೇಕಿರೋದು ಕಿಟಕಿ ಪಕ್ಕ ಒಂದು ಟೇಬಲ್, ಮತ್ತೆ ಆ ಸ್ಟೋರ್ ರೂಮಿನ ಬೀಗದ ಕೈ.