ಮೌಸ್‌ಗೆ ಹೆಬ್ಬೆರಳ ಬಟನ್ ಇದ್ದರೆ ಕಂಪ್ಯೂಟರ್ ವೇಗವಾಗುತ್ತದೆಯೇ?
ಗೇಮಿಂಗ್ ಮೌಸ್‌ನ ಪಕ್ಕದ ಬಟನ್‌ಗಳಿಂದ ಕಂಪ್ಯೂಟರ್ ವೇಗವಾಗುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ವೇಗ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್‌ಗೆ ಬಿಟ್ಟದ್ದು. ಬಟನ್ ಉಳಿಸುವುದು ಕೀಬೋರ್ಡ್‌ಗೆ ಹೋಗಿಬರುವ ಕೈಯ ಓಡಾಟ ಮಾತ್ರ.

ಸಾಮಾನ್ಯವಾಗಿ ಎರಡು ಬಟನ್ ಇರುತ್ತವೆ. ಬ್ರೌಸರ್‌ನಲ್ಲಿ ಒಂದು ಪುಟವನ್ನು ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಒಯ್ಯುತ್ತದೆ. ತೊಂದರೆ ಇಲ್ಲೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಆನ್‌ಲೈನ್ ಸೆಂಟರ್‌ನಲ್ಲಿ ಅರ್ಜಿ ತುಂಬುವಾಗ ಹೆಬ್ಬೆರಳು ತಾಗಿತೋ, ಪುಟ ಹಿಂದೆ ಸರಿದು ತುಂಬಿದ್ದೆಲ್ಲ ಅಳಿಸಿಹೋಗಬಹುದು. ಬಸ್ಸಿನ ಹೊತ್ತು ನೋಡುತ್ತ ಕೂತ ರೈತ ಮತ್ತೆ ಮೊದಲಿನಿಂದ ಆಧಾರ್ ನಂಬರ್ ಹೇಳಬೇಕು!

ಮೌಸ್ ಜೊತೆಗಿನ ಸಾಫ್ಟ್‌ವೇರ್‌ನಲ್ಲಿ ಅವಕ್ಕೆ ಕಾಪಿ, ಪೇಸ್ಟ್ ಹೊಂದಿಸಿಕೊಂಡರೆ ಅದೇ ಬಟನ್ ನಿಜಕ್ಕೂ ಉಪಯೋಗಿ. 12 ಬಟನ್‌ಗಳ ಮೌಸ್ ಮಾತ್ರ ಹತ್ತಾರು ಅಸ್ತ್ರಗಳಿರುವ ಆಟಗಳಿಗಷ್ಟೇ. ಎಡಚರು ಕೊಳ್ಳುವ ಮುನ್ನ ಹಿಡಿದು ನೋಡಿ, ಹೆಚ್ಚಿನವು ಬಲಗೈಗೆಂದೇ ಮಾಡಿದವು.