ಮಕ್ಕಳ ಸೂಟಿಗೆ ರೆಸಾರ್ಟ್ ಏಕೆ? ರೈತನ ಪಡಸಾಲೆ ಸಾಲದೆ?

ಬೇಸಿಗೆಯ ಸೂಟಿ ಹತ್ತಿರವಾದಂತೆ ಹುಬ್ಬಳ್ಳಿ, ಬೆಂಗಳೂರುಗಳಲ್ಲಿರುವ ಗೆಳೆಯರಿಂದ ನನಗೆ ದೂರವಾಣಿ ಕರೆಗಳು ಬರತೊಡಗುತ್ತವೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಣ್ಣ ಮಕ್ಕಳಿದ್ದಾರೆ. ಗದ್ದಲವಿಲ್ಲದ, ಕೈಗೆಟುಕುವ ಬಾಡಿಗೆಯ ಒಂದು ಹಳ್ಳಿಯ ಮನೆ ನಾಲ್ಕು ದಿನದ ಮಟ್ಟಿಗೆ ಸಿಕ್ಕೀತೇ?" ಘಟ್ಟದ ಮೇಲೆ ವಾಸಿಸುವ ಕೃಷಿ ವಿಜ್ಞಾನಿಗೆ ಇದಕ್ಕೆ ಉತ್ತರ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ. ಬಹುಕಾಲ ನಾನು ಕೊಡುತ್ತಿದ್ದ ಉತ್ತರವೆಂದರೆ ನಮ್ಮ ಚಳವಳಿಯ ಗೆಳೆಯರೆಲ್ಲ ಕೊಡುವ ಉತ್ತರವೇ: "ದಯವಿಟ್ಟು ಘಟ್ಟಕ್ಕೆ ಬರಬೇಡಿ."

ಈ ಉತ್ತರದಲ್ಲಿ ಸತ್ಯವಿದೆ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದುದನ್ನು, 2024ರ ಜುಲೈನಲ್ಲಿ ವಯನಾಡು ಕುಸಿದುದನ್ನು ಕಂಡ ಮೇಲೆ ಇಳಿಜಾರನ್ನು ಕಡಿದು ವಸತಿಗೃಹ ಕಟ್ಟುವುದನ್ನು ವಿರೋಧಿಸದವನು ಕುರುಡನೇ ಸರಿ. ಆದರೆ ಈ ಉತ್ತರ ಅರ್ಧ ಮಾತ್ರ. ಎರಡು ಮಕ್ಕಳನ್ನು ಕಟ್ಟಿಕೊಂಡು ವರ್ಷವಿಡೀ ಸಿಮೆಂಟಿನ ಎರಡು ಕೋಣೆಗಳಲ್ಲಿ ಬದುಕುವ ಶಾಲಾ ಶಿಕ್ಷಕಿ, ಬ್ಯಾಂಕಿನ ಗುಮಾಸ್ತ, ಆಸ್ಪತ್ರೆಯ ದಾದಿ ನಮ್ಮ ವೈರಿಗಳೇ? ಅವರು ಕೇಳುತ್ತಿರುವುದು ಬೆಟ್ಟವನ್ನಲ್ಲ, ವಿಶ್ರಾಂತಿಯನ್ನು. ನಾವು ಬಾಗಿಲು ಹಾಕಿ ಒಳಗೆ ಕುಳಿತರೆ ಅವರಿಗೆ ಉತ್ತರ ಕೊಡಲು ಮಾರುಕಟ್ಟೆ ತುದಿಗಾಲ ಮೇಲೆ ನಿಂತಿದೆ.

ಮಾರುಕಟ್ಟೆ ಕೊಡುವ ಉತ್ತರ

ಆ ಉತ್ತರ ಎಂಥದೆಂಬುದನ್ನು ನಾನೇ ಉಂಡು ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ, ನಮ್ಮ ಹಿರಿಯ ಮಗುವಿಗೆ ಏಳು, ಕಿರಿಯದಕ್ಕೆ ನಾಲ್ಕು ವರ್ಷವಿದ್ದಾಗ, ಸಂಬಂಧಿಕರ ಒತ್ತಾಯಕ್ಕೆ ಮಣಿದು ಒಂದು ರೆಸಾರ್ಟಿಗೆ ಹೋದೆವು. ಹೆಸರು ಬೇಡ, ಅಂಥವು ಒಂದಲ್ಲ, ನೂರಿವೆ. ಪ್ರಕೃತಿಯ ಮಡಿಲು ಎಂದು ಜಾಹೀರಾತಿನಲ್ಲಿತ್ತು. ಎರಡು ರಾತ್ರಿಗೆ ತೆತ್ತ ಹಣದಲ್ಲಿ ನಮ್ಮ ಮನೆಗೆ ಎರಡು ತಿಂಗಳ ದಿನಸಿ ಬರುತ್ತಿತ್ತು. ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕದ ಅಬ್ಬರ. ಕೊಳವೆಬಾವಿಯ ನೀರನ್ನು ಕಾರಂಜಿಯಾಗಿ ಚಿಮ್ಮಿಸಿ 'ಮಳೆ ನೃತ್ಯ'. ಬೇಲಿಯಾಚೆಯ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದರು. ಕಿರಿಯ ಮಗು ನಿದ್ದೆಗೆಟ್ಟು ಅತ್ತಿತು. ಹಿರಿಯದು ಊರಿಗೆ ಮರಳುವಾಗ ಕೇಳಿತು: "ಹಳ್ಳಿ ಎಲ್ಲಿತ್ತು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ತಲೆಮಾರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಟ್ರಂಕು ಹಿಡಿದು ಅಜ್ಜನ ಊರಿನ ಬಸ್ಸು ಹತ್ತುತ್ತಿದ್ದೆವು. ಮಾವಿನ ತೋಪು, ಕೆರೆಯ ಏರಿ, ದನದ ಕೊಟ್ಟಿಗೆ, ಅಂಗಳದ ಹಾಸಿಗೆ. ಯಾವುದಕ್ಕೂ ಬಿಲ್ಲು ಇರಲಿಲ್ಲ. ಇಂದು ಅಜ್ಜ ಇಲ್ಲ, ಹೊಲ ಪಾಲಾಗಿದೆ, ಮಾವಂದಿರು ಪಟ್ಟಣ ಸೇರಿದ್ದಾರೆ. ಕಳೆದುಹೋದುದು ಒಂದು ಮನೆ ಮಾತ್ರವಲ್ಲ. ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನು ಮಗುವಿಗೆ ಹೇಳದೆಯೇ ಕಲಿಸುತ್ತಿದ್ದ ಒಂದು ಪಾಠಶಾಲೆ.

ಘಟ್ಟದ ಸೆರಗಿನ ಸೀಮೆ

ಹಾಗಾದರೆ ಹೋಗುವುದೆಲ್ಲಿಗೆ? ಶಿರಸಿ, ಮುಂಡಗೋಡಗಳನ್ನು ದಾಟಿ ಪೂರ್ವಕ್ಕೆ ನಡೆಯಿರಿ. ಕಾಡು ತೆಳುವಾಗುತ್ತ, ಕೆರೆಗಳು ಒತ್ತೊತ್ತಾಗುತ್ತ, ಅರೆಮಲೆನಾಡು ಮೆಲ್ಲಗೆ ಬಯಲಾಗುವ ಸೀಮೆ ಅದು: ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಪ್ರವಾಸಿ ಭೂಪಟದಲ್ಲಿ ಇವುಗಳಿಗೆ ಇನ್ನೂ ದಪ್ಪಕ್ಷರವಿಲ್ಲ. ಇವುಗಳ ಭಾಗ್ಯವೂ ಅದೇ.

ಮಕ್ಕಳಿಗೆ ತೋರಿಸಲು ಅಲ್ಲಿ ಏನುಂಟು ಎಂದು ಕೇಳುವವರಿಗಾಗಿ ನಾಲ್ಕು ಮಾತು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಅರಳಿದ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿದ ಮಗು ಅದನ್ನು ಮರೆಯಲಾರದು. ಶಿಗ್ಗಾವಿ ತಾಲೂಕಿನ ಬಂಕಾಪುರ ಕೋಟೆಯೊಳಗೆ ಖಿಲಾರಿ ದನಗಳ ಸಂವರ್ಧನೆಗೆಂದು ಉಳಿಸಿಕೊಂಡ ಹುಲ್ಲುಗಾವಲು ಇಂದು ನವಿಲುಗಳಿಗೂ ಆಸರೆ. ಕನಕದಾಸರ ಬಾಡ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇರುವುದೂ ಅದೇ ತಾಲೂಕಿನಲ್ಲಿ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಬೃಹತ್ ಬಾವೋಬಾಬ್ ಮರಗಳನ್ನು ಹತ್ತು ಮಕ್ಕಳು ಕೈಕೈ ಹಿಡಿದು ಸುತ್ತುವರಿಯಲೆತ್ನಿಸಬಹುದು. ಹಿರೇಕೆರೂರಿನ ಕಡೆಗೆ ಸರ್ವಜ್ಞನ ನೆನಪಿನ ಅಬಲೂರು, ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ನಿಲ್ಲಿಸಿದ ಮದಗ-ಮಾಸೂರು ಕೆರೆ.

ಆದರೆ ಸಣ್ಣ ಮಕ್ಕಳಿಗೆ ಸ್ಮಾರಕಗಳಿಗಿಂತ ಹೊಲವೇ ದೊಡ್ಡದು. ಈ ಸೀಮೆಯ ಭತ್ತದ ಬೇಸಾಯವೇ ವಿಶಿಷ್ಟ. ಇಲ್ಲಿ ಕೆಸರು ಮಾಡಿ ಸಸಿ ನೆಡುವುದಕ್ಕಿಂತ, ಮುಂಗಾರಿನ ಮೊದಲ ಹದಕ್ಕೆ ಒಣ ನೆಲದಲ್ಲಿ ಕೂರಿಗೆ ಹೂಡಿ ಬಿತ್ತುವುದೇ ವಾಡಿಕೆ. ಎಡೆಕುಂಟೆ ಹೊಡೆದು ಕಳೆ ತೆಗೆದ ಮೇಲೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಮೇ ತಿಂಗಳ ಕೊನೆಗೆ ಬಂದ ಮಗು ಈ ಬಿತ್ತನೆಯನ್ನು ಕಣ್ಣಾರೆ ಕಂಡೀತು. ದಸರೆಯ ರಜೆಗೆ ಬಂದರೆ ಅದೇ ಹೊಲ ತೆನೆಗಟ್ಟಿರುತ್ತದೆ.

ಬೇಲಿ ಬರುವ ಮುನ್ನ

ಗೆಳೆಯರೇ, ನನ್ನ ಆತಂಕ ಇಲ್ಲಿಂದಲೇ ಆರಂಭ. ಕಸ್ತೂರಿರಂಗನ್ ವರದಿ ಪರಿಸರ ಸೂಕ್ಷ್ಮವೆಂದು ಗುರುತಿಸಿದ ಪ್ರದೇಶ ಕರ್ನಾಟಕದ 10 ಜಿಲ್ಲೆಗಳಲ್ಲಿ ಹರಡಿದೆ. ಅವುಗಳಲ್ಲಿ ಹಾವೇರಿ ಇಲ್ಲ. ಘಟ್ಟದಲ್ಲಿ ಕಾನೂನು ಬಿಗಿಯಾದಷ್ಟೂ ರೆಸಾರ್ಟಿನ ಬಂಡವಾಳ ಘಟ್ಟದ ಸೆರಗಿಗೆ ಜಾರುತ್ತದೆ. ಅದಕ್ಕೆ ದಾರಿಯೂ ಸಲೀಸಾಗಿದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಉಳುಮೆಯ ಗಂಧವೇ ಇಲ್ಲದವರಿಗೂ ಸಾಗುವಳಿ ಭೂಮಿಯನ್ನು ಕೊಳ್ಳುವ ಬಾಗಿಲು ತೆರೆಯಿತು. ಮುಂದಿನ ಕಥೆ ಎಲ್ಲ ಕಡೆಯೂ ಒಂದೇ. ಕೆರೆಯ ಅಂಚಿನ ಹೊಲ ಮೊದಲು 'ಫಾರ್ಮ್ ಪ್ಲಾಟ್' ಆಗುತ್ತದೆ, ಆಮೇಲೆ ಬಿನ್‌ಶೇತ್ಕಿ ಆಗುತ್ತದೆ, ಕೊನೆಗೆ ಅದರ ಸುತ್ತ ಬೇಲಿ ಏಳುತ್ತದೆ. ನಿನ್ನೆಯ ಒಡೆಯ ಇಂದು ಅದೇ ಬೇಲಿಯ ಕಾವಲುಗಾರ. ಅವನ ಮಗು ಅತಿಥಿಯ ಮಗುವನ್ನು ತಂತಿಯ ಸಂದಿನಿಂದ ನೋಡುತ್ತದೆ. ಇದನ್ನು ಗ್ರಾಮೀಣ ಪ್ರವಾಸೋದ್ಯಮ ಎಂದು ಕರೆಯಲು ನನ್ನ ನಾಲಗೆ ಏಳದು.

ಪರ್ಯಾಯವೇನು? ಉಳುವ ರೈತನ ಮನೆಯೇ ಅತಿಥಿಗೃಹವಾಗಲಿ. ಇದು ಕನಸಿನ ಮಾತಲ್ಲ. ಹಳ್ಳಿಗಳು ಬರಿದಾಗುತ್ತಿದ್ದ ಇಟಲಿ ದೇಶ 1985ರಲ್ಲೇ ಇದಕ್ಕೊಂದು ಕಾನೂನು ಮಾಡಿತು. ಅದರ ತಿರುಳು ಸರಳ: ರೈತ ಅತಿಥಿಗಳನ್ನು ಇರಿಸಿಕೊಳ್ಳಬಹುದು, ಆದರೆ ಕೃಷಿಯೇ ಮುಖ್ಯವಾಗಿರಬೇಕು, ಆತಿಥ್ಯ ಅದಕ್ಕೆ ಪೂರಕವಾಗಿರಬೇಕು. ನಮ್ಮ ನೆರೆಯ ಮಹಾರಾಷ್ಟ್ರವೂ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿಯೊಂದನ್ನು ರೂಪಿಸಿತು. ಹೊಲ ನೋಡಲು ನಮ್ಮ ಜನರೂ ಬರುತ್ತಾರೆಂಬುದಕ್ಕೆ ಶಿಗ್ಗಾವಿ ತಾಲೂಕಿನ ಕುನ್ನೂರಿನ ಅಗಡಿ ತೋಟವೇ ಸಾಕ್ಷಿ. ತೋಟವೊಂದಕ್ಕೆ ಸಾಧ್ಯವಾದುದು ನೂರು ಸಣ್ಣ ಹಿಡುವಳಿದಾರರಿಗೂ ಸಾಧ್ಯವಾಗಬೇಕಾದರೆ ಮೊದಲು ಬೇಕಾದುದು ನಿಯಮ, ಆಮೇಲೆ ಸಹಾಯಧನ.

ನಮ್ಮ ಹೊಲಗಳು ಮಕ್ಕಳಿಗೆ ಯೋಗ್ಯವೇ?

ನನ್ನ ವೃತ್ತಿಯವರೇ ಕೇಳಲು ಹಿಂಜರಿಯುವ ಪ್ರಶ್ನೆ ಇದು. ಕಳೆದ ಎರಡು ದಶಕಗಳಲ್ಲಿ ಈ ಸೀಮೆಯ ಕೂರಿಗೆ ಭತ್ತದ ಬಹುಪಾಲು ಜಾಗವನ್ನು ಗೋವಿನಜೋಳ ನುಂಗಿತು. 2018ರಲ್ಲಿ ಕರ್ನಾಟಕದಲ್ಲಿ ಮೊದಲಿಗೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಗೋವಿನಜೋಳಕ್ಕೆ ಬಿದ್ದ ಮೇಲೆ, ಹಿಂದೆ ಔಷಧವನ್ನೇ ಕಾಣದ ಹೊಲಗಳಿಗೂ ಸುಳಿಗೆ ಕೀಟನಾಶಕ ಹೊಡೆಯುವುದು ರೂಢಿಯಾಯಿತು. ನಾವು ಅದನ್ನು 'ಎಣ್ಣೆ' ಎಂದು ಮುದ್ದಾಗಿ ಕರೆಯುತ್ತೇವೆ, ಅದು ವಿಷ. ಸಿಂಪಡಿಸಿದ ಮರುಗಳಿಗೆಯೇ ಮಗು ಆ ಹೊಲದಲ್ಲಿ ಓಡಬಾರದು. ಖಾಲಿ ಡಬ್ಬಿ ಬದುವಿನ ಮೇಲೆ ಬಿದ್ದಿರಬಾರದು. ಪಟ್ಟಣದ ಮಗುವಿಗೆ ಸಲ್ಲದ ಹೊಲ ರೈತನ ಮಗುವಿಗೆ ಹೇಗೆ ಸಲ್ಲುತ್ತದೆ?

ಇಲ್ಲಿಯೇ ಅತಿಥಿಯ ಶಕ್ತಿ ಅಡಗಿದೆ. ಇಲಾಖೆಯ ನೂರು ಕರಪತ್ರಗಳು ಮಾಡದ ಕೆಲಸವನ್ನು ಒಂದು ಬೇಡಿಕೆ ಮಾಡಬಲ್ಲದು. "ಮಕ್ಕಳು ಬರುತ್ತಾರೆ" ಎಂಬ ಕಾರಣಕ್ಕೆ ಎರಡು ಎಕರೆಯಲ್ಲಿ ವಿಷ ನಿಂತರೆ, ತೆರೆದ ಬಾವಿಗೆ ಕಟ್ಟೆ ಬಂದರೆ, ಕೈಬಿಟ್ಟ ಕೊಳವೆಬಾವಿಯ ಬಾಯಿ ಮುಚ್ಚಿದರೆ, ಶೌಚಾಲಯ ಬಳಕೆಗೆ ಬಂದರೆ, ಮೊದಲ ಲಾಭ ಆ ಮನೆಯ ಮಕ್ಕಳಿಗೇ.

ಅತಿಥಿ ಮತ್ತು ರೊಕ್ಕ

ರೆಸಾರ್ಟಿನ ಪಾಠ ಕಲಿತ ಮರುವರ್ಷ ನಾವು ಹಾನಗಲ್ ತಾಲೂಕಿನ ಒಂದು ಹಳ್ಳಿಯಲ್ಲಿ, ಕ್ಷೇತ್ರಕಾರ್ಯದಿಂದ ಪರಿಚಿತರಾದ ರೈತರೊಬ್ಬರ ಮನೆಯಲ್ಲಿ ನಾಲ್ಕು ದಿನ ಉಳಿದೆವು. ಮಕ್ಕಳು ಕರುವಿಗೆ ಹುಲ್ಲು ಹಾಕಿದರು, ಏರಿಯ ಮೇಲೆ ನಡೆದರು, ಎಂಟು ಗಂಟೆಗೆ ನಿದ್ದೆಹೋದರು. ಹೊರಡುವಾಗ ಹಣ ಕೊಡಹೋದರೆ ಯಜಮಾನರು ಕೈ ಹಿಂದಕ್ಕೆಳೆದುಕೊಂಡರು. "ಬ್ಯಾಡ್ರೀ ಸರ. ಉಂಡವರ ಹತ್ರ ರೊಕ್ಕ ತಗೊಂಡ್ರ ಊರ ಮಂದಿ ಏನಂದಾರು?" ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ರೊಟ್ಟಿ ಬಡದಾಕಿ ನಾನು. ನನ್ನೂ ಒಂದು ಮಾತು ಕೇಳ್ರಿ."

ಆ ತಾಯಿಯ ಮಾತಿನಲ್ಲಿ ಇಡೀ ವಿಷಯದ ನ್ಯಾಯವಿದೆ. ಆತಿಥ್ಯ ಪುಣ್ಯವೆಂಬ ನಮ್ಮ ಹೆಮ್ಮೆಯ ಭಾರವನ್ನು ಹೊರುವವಳು ಒಲೆಯ ಮುಂದಿನ ಹೆಣ್ಣು. ದಣಿವಿಗೆ ಬೆಲೆ ಕಟ್ಟುವುದು ಆತಿಥ್ಯಕ್ಕೆ ಅವಮಾನವಲ್ಲ. ಹಣವನ್ನು ಅವರ ಕೈಗೇ ಕೊಟ್ಟೆವು. ನಾಲ್ಕು ದಿನಕ್ಕೆ ಕೊಟ್ಟದ್ದು ರೆಸಾರ್ಟಿನ ಅರ್ಧ ರಾತ್ರಿಯ ಬಾಡಿಗೆಗಿಂತ ತುಸು ಹೆಚ್ಚು, ಅಷ್ಟೆ. ಅದು ಕಡಿಮೆಯಾಯಿತೆಂದು ನನಗೆ ಇಂದಿಗೂ ಅನಿಸುತ್ತದೆ. ಕೈಗೆಟುಕುವ ದರವೆಂದರೆ ರೈತನ ಕುಟುಂಬವನ್ನು ಹಿಂಡಿ ಪಡೆಯುವ ದರವಾಗಬಾರದು.

ಇನ್ನೊಂದು ಕಹಿ ಸತ್ಯವನ್ನೂ ಮುಚ್ಚಿಡಲಾರೆ. ಬಂದ ಅತಿಥಿಯ ಜಾತಿ ಕೇಳಿ ಪಡಸಾಲೆಯೋ ಜಗಲಿಯೋ ಎಂದು ನಿರ್ಧರಿಸುವ ಮನೆ ಅತಿಥಿಗೃಹವಾಗಲು ಅನರ್ಹ. ಹಾಗೆಯೇ ಊರಿನ ದಲಿತ ಕುಟುಂಬಕ್ಕೂ ಅತಿಥಿಯನ್ನು ಕರೆಯುವ ಹಕ್ಕು ಸಿಗದಿದ್ದರೆ ಈ ಯೋಜನೆ ಮೇಲ್ಕೇರಿಯ ಇನ್ನೊಂದು ಆದಾಯವಷ್ಟೇ.

ನಾವು ಒತ್ತಾಯಿಸಬೇಕಾದುದು

1. ಕೃಷಿಯೇ ಮುಖ್ಯವಾಗಿರುವ, ಕುಟುಂಬ ಅದೇ ಜಾಗದಲ್ಲಿ ವಾಸಿಸುವ ಮನೆಗೆ ಮಾತ್ರ ಕೃಷಿ ಅತಿಥಿಗೃಹದ ಪರವಾನಗಿ. ಅದಕ್ಕಾಗಿ ಭೂಮಿ ಬಿನ್‌ಶೇತ್ಕಿ ಆಗಕೂಡದು.

2. ಇರುವ ಮನೆಯಲ್ಲೇ ಒಂದೆರಡು ಕೋಣೆ; ಹೊಸ ಕಟ್ಟಡಗಳ ಸಾಲು ಬೇಡ. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿದುದನ್ನು ನೆನೆದು, ನದಿಯ ದಡದಲ್ಲಿ, ಕೆರೆಯಂಗಳದಲ್ಲಿ ಏನನ್ನೂ ಕಟ್ಟಕೂಡದು.

3. ಅತಿಥಿಗಳು ಓಡಾಡುವ ಹೊಲ ವಿಷಮುಕ್ತವಾಗಿರಬೇಕು. ಬಾವಿ, ಕುಡಿಯುವ ನೀರು, ಶೌಚಾಲಯಗಳನ್ನು ಗ್ರಾಮ ಪಂಚಾಯಿತಿ ಪರಿಶೀಲಿಸಬೇಕು.

4. ಪರವಾನಗಿಯೂ ಬ್ಯಾಂಕ್ ಖಾತೆಯೂ ಮನೆಯ ಹೆಣ್ಣುಮಗಳ ಹೆಸರಿನಲ್ಲಿರಬೇಕು. ಜಾತಿಭೇದ ಮಾಡಿದ ಮನೆಯ ಪರವಾನಗಿ ರದ್ದಾಗಬೇಕು.

5. ಧ್ವನಿವರ್ಧಕ, ಈಜುಕೊಳ, ಕೃತಕ ಮಳೆಗಳಿಗೆ ಅವಕಾಶವೇ ಇರಬಾರದು.

ನಗರದ ತಂದೆತಾಯಂದಿರಿಗೂ ಒಂದು ಮಾತು. ಬನ್ನಿ, ಆದರೆ ಗ್ರಾಹಕರಾಗಿ ಬರಬೇಡಿ. ಅಜ್ಜನ ಊರಿಗೆ ಬಂದ ಮೊಮ್ಮಕ್ಕಳಂತೆ ಬನ್ನಿ. ಮನೆಯವರು ಉಂಡದ್ದನ್ನೇ ಉಣ್ಣಿ, ಅವರು ಮಲಗಿದಾಗ ಮಲಗಿ, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಿರಿ. ಕೆರೆಯ ಬಳಿ ಮಕ್ಕಳ ಕೈ ಬಿಡಬೇಡಿ.

ನಮ್ಮ ಸಂಗಾತಿಗಳಿಗೆ ನನ್ನ ವಿನಂತಿ ಇಷ್ಟೇ. "ಬೇಡ" ಎನ್ನುವುದರಲ್ಲಿ ನಾವು ನುರಿತಿದ್ದೇವೆ, ಅದು ಅಗತ್ಯವೂ ಹೌದು. ಈಗ "ಹೀಗೆ ಬೇಕು" ಎನ್ನುವುದನ್ನೂ ಕಲಿಯೋಣ. ಹಾನಗಲ್ಲಿನ ಕೆರೆಯೇರಿಗಳ ಮೇಲೆ ಬೇಲಿಯ ಕಂಬಗಳು ಏಳುವ ಮೊದಲೇ ಈ ಮಾತು ಗ್ರಾಮಸಭೆಗಳಿಗೆ ತಲುಪಲಿ. ಮುಂದಿನ ಸೂಟಿಗೆ ಯಾವ ಮಗುವೂ "ಹಳ್ಳಿ ಎಲ್ಲಿತ್ತು?" ಎಂದು ಕೇಳುವಂತಾಗದಿರಲಿ.