ಕಾಯುವ ಮಂತ್ರ

ಮಕ್ಕಳೇ, ಕಥೆಗಳಲ್ಲಿ ಬರುವ ಮಂತ್ರಗಳಲ್ಲಿ ಎರಡು ಜಾತಿ. ಹೇಳಿದ ಕೂಡಲೇ ಫಲ ಕೊಡುವುದು ಒಂದು. ಹೇಳಿ ಮುಗಿಸಿದ ಮೇಲೆ ಸದ್ದಿಲ್ಲದೆ ಕೂತು ತನ್ನ ಗಳಿಗೆಗಾಗಿ ಕಾಯುವುದು ಇನ್ನೊಂದು. ಹಾಸನದವರಿಗೆ ಈ ಎರಡನೆಯದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸನಾಂಬೆಯ ಗುಡಿಯ ಸೊಸೆ ಕಲ್ಲಿನ ಕಥೆ ಎಲ್ಲರ ಮನೆಯಲ್ಲೂ ಇದೆ. ಅತ್ತೆಯ ಕಾಟ ತಾಳದೆ ದೇವಿಯ ಮೊರೆಹೊಕ್ಕ ಸೊಸೆ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದಂತೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ಜನ ಹೇಳುತ್ತಾರೆ. ಎಷ್ಟು ನಿಧಾನದ ಕೀಲು ನೋಡಿ!

ಇದೇ ಜಾತಿಯ ಮಂತ್ರಗಳು ನಿಮ್ಮ ಅಣ್ಣ ಅಕ್ಕಂದಿರು ಆಡುವ ಒಂದು ಆಟದಲ್ಲೂ ಇವೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅದರ ಹೆಸರು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದವರು 1974ರಲ್ಲಿ ಹೊರತಂದದ್ದು. ಪರದೆ ಬೇಡ, ಕರೆಂಟು ಬೇಡ. ಒಂದು ಮೇಜು, ಹಾಳೆ, ಪೆನ್ಸಿಲ್ಲು, ಆರು ಮುಖ, ಎಂಟು ಮುಖ, ಇಪ್ಪತ್ತು ಮುಖದ ದಾಳಗಳು. ಒಬ್ಬರು ಸೂತ್ರಧಾರರಾಗಿ ಕಥೆ ನಡೆಸುತ್ತಾರೆ. ಉಳಿದವರು ವೀರ, ಮಂತ್ರವಾದಿ, ವೈದ್ಯ ಹೀಗೆ ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಆಯಿತೋ ಇಲ್ಲವೋ ದಾಳ ಹೇಳುತ್ತದೆ. ಅಜ್ಜಂದಿರೇ, ಪಗಡೆಯೂ ಯಕ್ಷಗಾನವೂ ಕೂಡಿದ ಹಾಗೆ ಎಂದುಕೊಳ್ಳಿ.

ಅದರ ಕಾಯುವ ಮಂತ್ರಗಳು ನನಗೆ ಬಹಳ ಹಿಡಿಸಿದವು. ಒಂದು ಮಂತ್ರ ಗೋಡೆಗೋ ಕಲ್ಲಿಗೋ ಬಾಯಿ ಕೊಡುತ್ತದೆ. ನೀವು ಹೇಳಿದ ಸಂದರ್ಭ ಮೂವತ್ತು ಅಡಿಯೊಳಗೆ ಒದಗಿದರೆ ಆ ಬಾಯಿ ಇಪ್ಪತ್ತೈದು ಪದಕ್ಕೆ ಮೀರದ ಸಂದೇಶ ಹೇಳುತ್ತದೆ. ಇನ್ನೊಂದು ಬೆಂಕಿಯ ಮಣಿ. ಮಂತ್ರವಾದಿ ಮನಸ್ಸು ಕದಲಿಸದೆ ಹಿಡಿದಿಟ್ಟಷ್ಟೂ ಅದರ ಬಲ ಏರುತ್ತದೆ, ಆದರೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಲಾಗದು. ಮೂರನೆಯದು ತನ್ನ ಮೇಲೆಯೇ ಕಟ್ಟಿಕೊಳ್ಳುವ ರಕ್ಷೆ. ‘ನಾನು ನೀರಿನಲ್ಲಿ ಮುಳುಗಿದರೆ ಉಸಿರಾಟದ ಮಂತ್ರ ತಾನಾಗಿ ಹತ್ತಲಿ’ ಎಂದು ಮೊದಲೇ ಹೇಳಿಟ್ಟರೆ ಹತ್ತು ದಿನ ಕಾಯುತ್ತದೆ. ಸಂದರ್ಭ ಬಂದ ಮೊದಲ ಸಲವೇ, ನಿಮಗೆ ಬೇಕಿರಲಿ ಬೇಡವಿರಲಿ, ನಡೆದು ಮುಗಿದುಹೋಗುತ್ತದೆ. ಈ ‘ಬೇಕಿರಲಿ ಬೇಡವಿರಲಿ’ಯಲ್ಲೇ ಎಲ್ಲ ಇರುವುದು.

ಹೋದ ಬೇಸಿಗೆ ರಜೆಯಲ್ಲಿ ಹಾಸನದ ನಮ್ಮ ಮನೆ ಹಜಾರದಲ್ಲಿ ಈ ಆಟ ನಡೆಯಿತು. ಸೂತ್ರಧಾರಿ ಚನ್ನರಾಯಪಟ್ಟಣದಿಂದ ಬಂದ ಮಗಳ ಮಗಳು. ಮಂತ್ರವಾದಿ ಹೊಳೆನರಸೀಪುರದ ನನ್ನ ತಂಗಿಯ ಮೊಮ್ಮಗ. ವೈದ್ಯ ಅರಕಲಗೂಡಿನ ಹುಡುಗ, ನಮ್ಮ ಭಾವನವರ ಮೊಮ್ಮಗ. ವೀರ ನಮ್ಮ ಮನೆಯವನೇ. ಕಾಳಗ ಮುಗಿಸಿ ಗುಹೆಯಲ್ಲಿ ಮಲಗುವ ಮುನ್ನ ಮಂತ್ರವಾದಿ 200 ಚಿನ್ನದ ನಾಣ್ಯ ಬೆಲೆಯ ವಜ್ರದ ಪುಡಿ ಸುರಿದು ಬಾಗಿಲಿಗೆ ಸಿಡಿಯುವ ಅಕ್ಷರ ಬರೆದ. ಷರತ್ತನ್ನು ಚೀಟಿಯಲ್ಲಿ ಬರೆದು ಸೂತ್ರಧಾರಿಯ ಕೈಗೆ ಕೊಟ್ಟ: ‘ಯಾರು ಬಾಗಿಲು ತೆಗೆದರೂ ಸಿಡಿಯಲಿ.’

ನಡುರಾತ್ರಿ ವೈದ್ಯ ನೀರು ತರಲು ಎದ್ದ. ಬಾಗಿಲು ತೆಗೆದ.

ಐದು ದಾಳ ಉರುಳಿದವು, ಒಟ್ಟು 26. ಕಾಳಗದಲ್ಲಿ ಸೊರಗಿದ್ದ ಅವನಿಗೆ ಉಳಿದಿದ್ದ ಪ್ರಾಣ 14. ಉಳಿದಿಬ್ಬರು ಗುಹೆಯ ತೀರಾ ಒಳಗೆ ಮಲಗಿದ್ದರು. ಅವರು ಓಡಿ ಬರುವಷ್ಟರಲ್ಲಿ ಬದುಕುವ ದಾಳ ಮೂರು ಸಲವೂ ಸೋತಿತು. ಎಲ್ಲರ ಗಾಯ ಮಾಯಿಸುವವನೇ ಸತ್ತ. ಎರಡು ರಜೆಯಿಂದ ಬೆಳೆಸಿದ ಪಾತ್ರ ಅದು.

“ನಾನು ಅಂದುಕೊಂಡಿದ್ದು ಶತ್ರು ಬಂದರೆ ಅಂತ” ಎಂದ ಮಂತ್ರವಾದಿ.

“ಅಂದುಕೊಂಡಿದ್ದು ನನಗೆ ಹೇಗೆ ಗೊತ್ತಾಗಬೇಕೋ? ಚೀಟೀಲಿ ಯಾರು ಅಂತ ಇದೆ” ಎಂದಳು ಸೂತ್ರಧಾರಿ.

ಅರಕಲಗೂಡಿನವನು ಏನೂ ಅನ್ನಲಿಲ್ಲ. ತನ್ನ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹಿತ್ತಲಿಗೆ ಹೋದ. ರಾತ್ರಿ ಊಟಕ್ಕೆ ಕೂತಾಗ ಮಂತ್ರವಾದಿಯ ಪಕ್ಕ ಕೂರಲಿಲ್ಲ. ಆಟದ ಸಾವಿಗೆ ಇಷ್ಟು ದುಃಖವೇ ಎನ್ನಬೇಡಿ. ಅಭಿಮನ್ಯು ಸಾಯುವ ಭಾಗವನ್ನು ಗಮಕಿಗಳು ಓದುವಾಗ ಸೆರಗಲ್ಲಿ ಕಣ್ಣೊರೆಸಿಕೊಂಡವರು ನಾವು.

ಊಟವಾದ ಮೇಲೆ ಸೂತ್ರಧಾರಿಯೇ ನನ್ನ ಹತ್ತಿರ ಬಂದು, “ಅಜ್ಜೀ, ನಾನು ಹೇಳಿದ್ದು ತಪ್ಪಾ?” ಎಂದಳು. ತಪ್ಪಲ್ಲ ಎಂದೆ. ನಾಲ್ವರನ್ನೂ ಕೂರಿಸಿಕೊಂಡು ಸೈಂಧವನ ಕಥೆ ತೆಗೆದೆ.

ಸೈಂಧವನ ಅಪ್ಪ ವೃದ್ಧಕ್ಷತ್ರ. ಮಗನ ತಲೆ ಯುದ್ಧದಲ್ಲಿ ಬೀಳುವುದೆಂದು ತಿಳಿದು, ಅದನ್ನು ಯಾರು ನೆಲಕ್ಕೆ ಬೀಳಿಸುತ್ತಾರೋ ಅವರ ತಲೆ ನೂರು ಹೋಳಾಗಲಿ ಎಂದ. ಕಾಯುವ ಮಂತ್ರವೆಂದರೆ ಇದೇ. ವರ್ಷಗಟ್ಟಲೆ ಕಾಯಿತು. ಕುರುಕ್ಷೇತ್ರದ ಹದಿನಾಲ್ಕನೆಯ ದಿನ ಕೃಷ್ಣ ಈ ಗುಟ್ಟನ್ನು ಅರ್ಜುನನ ಕಿವಿಯಲ್ಲಿ ಹಾಕಿದ. ಅರ್ಜುನ ಕತ್ತರಿಸಿದ ತಲೆಯನ್ನು ಬಾಣಗಳ ಮೇಲೆಯೇ ದೂರಕ್ಕೆ ಒಯ್ದು, ಸಂಧ್ಯಾವಂದನೆಗೆ ಕೂತಿದ್ದ ಆ ಅಪ್ಪನ ತೊಡೆಯ ಮೇಲೆಯೇ ಇಳಿಸಿದ. ಮುದುಕನಿಗೆ ಗೊತ್ತಿಲ್ಲ. ಜಪ ಮುಗಿಸಿ ಎದ್ದ. ತಲೆ ನೆಲಕ್ಕುರುಳಿತು. ಅವನ ತಲೆಯೇ ನೂರು ಹೋಳಾಯಿತು. ‘ನನ್ನನ್ನು ಬಿಟ್ಟು’ ಎಂಬ ಎರಡು ಮಾತು ಅವನು ಸೇರಿಸಿರಲಿಲ್ಲ.

“ಹಾಗಾದರೆ ಎಲ್ಲವನ್ನೂ ಸೇರಿಸಿಬಿಟ್ಟರೆ?” ಎಂದ ಮಂತ್ರವಾದಿ. ನಿಮ್ಮೂರಿನ ದೇವರನ್ನೇ ಕೇಳು ಎಂದೆ. ಹಿರಣ್ಯಕಶಿಪು ಸೇರಿಸಿದ್ದನಲ್ಲ! ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಲ್ಲ, ಮೃಗವಲ್ಲ. ನರಸಿಂಹ ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ ಬಂದ. ಪಟ್ಟಿ ಉದ್ದವಾದಷ್ಟೂ ಸಂದು ಜಾಸ್ತಿ ಎಂದು ನನಗನ್ನಿಸುತ್ತದೆ. ಮಕ್ಕಳು ಒಪ್ಪಲಿಲ್ಲ, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಅಕ್ಕಿ ರೊಟ್ಟಿ ತಿನ್ನುತ್ತಲೇ ನಿಯಮದ ಪುಸ್ತಕ ತೆಗೆದರು. ಸಿಡಿಯುವ ಅಕ್ಷರಕ್ಕೆ ಗುಟ್ಟಿನ ಮಾತು ಇಡಬಹುದು, ಅದನ್ನು ಹೇಳಿದವರಿಗೆ ಸಿಡಿಯುವುದಿಲ್ಲ ಎಂದು ಅದರಲ್ಲೇ ಇತ್ತು. ‘ಅಕ್ಕಿ ರೊಟ್ಟಿ’ ಎಂದೇ ಇಡೋಣ ಎಂದ ನಮ್ಮವನು. ಹಸಿದ ರಾಕ್ಷಸ ಯಾರಾದರೂ ಅಂದುಬಿಟ್ಟರೆ ಎಂದು ಅದು ಬಿದ್ದುಹೋಯಿತು. ಮಂತ್ರವಾದಿ ಬಹಳ ಹೊತ್ತು ಯೋಚಿಸಿ ಹೊಸ ಚೀಟಿ ಬರೆದು, ಸೂತ್ರಧಾರಿಗಲ್ಲ, ಅರಕಲಗೂಡಿನವನ ಮುಂದೆ ಇಟ್ಟ: ‘ನಮ್ಮ ಮೂವರನ್ನು ಬಿಟ್ಟು ಬೇರೆ ಯಾರು ಬಾಗಿಲು ತೆಗೆದರೂ ಸಿಡಿಯಲಿ.’

ಅವನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಲ್ಲೊಬ್ಬನ ಕತ್ತಿಗೆ ಚಾಕು ಹಿಡಿದು ಅವನ ಕೈಯಲ್ಲೇ ತೆಗೆಸಿದರೆ ಏನ್ ಮಾಡ್ತೀಯೋ?” ಎಂದ. ಹೊಸ ಪಾತ್ರಕ್ಕೆ ಹಾಳೆಯನ್ನೂ ಕೇಳಿ ಇಸಕೊಂಡ.

ಆ ಚೀಟಿಯಲ್ಲಿ ನನಗೆ ಇನ್ನೂ ಎರಡು ತೂತು ಕಾಣುತ್ತಿವೆ. ನೀವು ಅಜ್ಜ ಅಜ್ಜಿಯರ ಜೊತೆ ಕೂತು ಹುಡುಕಿ, ಮುಂದಿನ ವಾರ ಹೇಳುತ್ತೇನೆ.